ಕಣ್ಣೀರಿನ ಮಸೂರ

ಅಂಗೈ ಮೇಲಿಟ್ಟುಕೊಂಡ ಆರ್‌ಜಿಪಿ ಲೆನ್ಸನ್ನು, ಅಂದರೆ ಆಮ್ಲಜನಕ ಹಾಯಿಸುವ ಗಟ್ಟಿ ಕಾಂಟ್ಯಾಕ್ಟ್ ಲೆನ್ಸನ್ನು, ಮೊದಲು ಹುಡುಕಬೇಕಾಗುತ್ತದೆ. ಅಡ್ಡಳತೆ ಸುಮಾರು 9.5 ಮಿಲಿಮೀಟರ್, ನಡುವಿನ ದಪ್ಪ ಸುಮಾರು 0.15 ಮಿಲಿಮೀಟರ್. ಕಿಟಕಿಯ ಬೆಳಕಿಗೆ ಕೈಯನ್ನು ತುಸು ಓರೆ ಮಾಡಿದಾಗ ದುಂಡನೆಯ ಅಂಚೊಂದು ಮಿನುಗುತ್ತದೆ, ಹಿಂದೆಯೇ ಅದರ ಬಣ್ಣ ಕಾಣುತ್ತದೆ. ಬಲಗಣ್ಣಿನದು ತೆಳು ಹಸಿರು, ಎಡಗಣ್ಣಿನದು ತೆಳು ನೀಲಿ. ಎರಡೂ ಅದಲುಬದಲಾಗದಿರಲೆಂದು ಬೆಳೆದುಬಂದ ರೂಢಿ ಇದು. ಆ ಬಣ್ಣ ಎಷ್ಟು ತೆಳುವೆಂದರೆ ಲೆನ್ಸ್ ಕಣ್ಣಿಗೆ ಹೋದ ಮೇಲೆ ಲೋಕ ಹಸಿರಾಗುವುದೂ ಇಲ್ಲ, ನೀಲಿಯಾಗುವುದೂ ಇಲ್ಲ. ಡಬ್ಬಿಗೆ ಬಿಟ್ಟರೆ ಟಿಕ್ ಎನ್ನುತ್ತದೆ. ಮೆತ್ತನೆಯ ಲೆನ್ಸಿನ ಹಾಗೆ ಬೆರಳಿಗಂಟಿ ಮಡಚಿಕೊಳ್ಳುವುದಿಲ್ಲ. ಕಣ್ಣಿನಂಥ ನಾಜೂಕು ಜಾಗಕ್ಕೆ ಇಷ್ಟು ಗಟ್ಟಿಯಾದದ್ದನ್ನು ಇಡುವುದುಂಟೇ ಎಂದು ಯಾರಿಗಾದರೂ ಅನ್ನಿಸಬೇಕು. ಈ ಬರಹ ಆ ಗಟ್ಟಿತನದ ಗುಣಗಾನ.

ಕಣ್ಣಿನ ಮುಂಭಾಗದಲ್ಲಿ, ಕಪ್ಪುಗುಡ್ಡೆಯ ಮೇಲೆ ಕೂತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಕಣ್ಣು ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರನೇ ಎರಡು ಪಾಲನ್ನು ಈ ಪಟಲವೊಂದೇ ಮಾಡುತ್ತದೆ. ಅದು ಒಂದೇ ಸಮನೆ ದುಂಡಗಿದ್ದರೆ ಚಿತ್ರ ಸರಿಯಾಗಿ ಮೂಡುತ್ತದೆ. ಕೆಲವರಲ್ಲಿ, ಹೆಚ್ಚಾಗಿ ಹದಿಹರೆಯದಲ್ಲಿ, ಅದು ತೆಳುವಾಗುತ್ತ ಮುಂದಕ್ಕೆ ಮೊನಚಾಗತೊಡಗುತ್ತದೆ. ಇದೇ ಕೆರಟೋಕೋನಸ್. ಇಂಗ್ಲೆಂಡಿನ ಜಾನ್ ನಾಟಿಂಗ್‌ಹ್ಯಾಮ್ 1854ರಲ್ಲಿ ಇದರ ಮೇಲೆ ಇಡೀ ಪುಸ್ತಕವನ್ನೇ ಬರೆದರು. ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸಕ್ಕೂ ಇದಕ್ಕೂ ನಂಟಿದೆ ಎಂದು ವೈದ್ಯರು ಒತ್ತಿ ಹೇಳುತ್ತಾರೆ. "ಕಣ್ಣು ಉಜ್ಜಬೇಡ ಕಣೇ" ಎಂದು ನಮ್ಮ ಮನೆಗಳಲ್ಲಿ ಅಮ್ಮಂದಿರು ಗದರುವುದರಲ್ಲಿ ವೈದ್ಯಶಾಸ್ತ್ರವೇ ಇದೆ.

ಇಂಥ ಕಣ್ಣಿಗೆ ಬರಿಯ ಮಂಜು ಕವಿಯುವುದಿಲ್ಲ, ಒಂದು ವಸ್ತು ಹಲವಾಗುತ್ತದೆ. ಸಂಕಷ್ಟಿಯ ರಾತ್ರಿ ಚಂದ್ರದರ್ಶನವಾಗದೆ ನಮ್ಮಲ್ಲಿ ಊಟವಿಲ್ಲ. ಒಂದರ ಕೆಳಗೊಂದು ಜೋತುಬಿದ್ದ ಚಂದ್ರರ ಗೊಂಚಲಿಗೇ ನಾನು ವರ್ಷಗಳ ಕಾಲ ಕೈಮುಗಿದಿದ್ದೆ. ಹೊಸೂರು ರಸ್ತೆಯಲ್ಲಿ ಎದುರಿಗೆ ಬರುವ ಪ್ರತಿ ಲಾರಿಯ ದೀಪಕ್ಕೂ ಉದ್ದನೆಯ ಬಾಲಗಳಿರುತ್ತಿದ್ದವು. ಕನ್ನಡಕ ಇಂಥ ಕಣ್ಣಿಗೆ ಒಂದು ಹಂತದವರೆಗೆ ಮಾತ್ರ ನೆರವಾಗುತ್ತದೆ. ಅದರ ಗಾಜು ಕ್ರಮಬದ್ಧವಾದ ದೋಷವನ್ನಷ್ಟೇ ತಿದ್ದಬಲ್ಲದು, ಕಾರ್ನಿಯಾದ ಉಬ್ಬುತಗ್ಗು ಕ್ರಮಕ್ಕೆ ಸಿಗುವಂಥದ್ದಲ್ಲ. ಮೆತ್ತನೆಯ ಲೆನ್ಸ್ ಆ ಉಬ್ಬುತಗ್ಗಿನ ಮೇಲೆ ತಾನೂ ಹಾಗೆಯೇ ಮಲಗಿಬಿಡುತ್ತದೆ. ಒಳಗಿನ ವಕ್ರವನ್ನೇ ಹೊರಗೂ ತೋರಿಸುತ್ತದೆ.

ಗಟ್ಟಿ ಲೆನ್ಸ್ ತನ್ನ ಆಕಾರ ಬಿಟ್ಟುಕೊಡುವುದಿಲ್ಲ. ಅದು ದುಂಡಗೆ ನಿಲ್ಲುತ್ತದೆ, ಅದರ ಒಳಮೈಗೂ ಕಾರ್ನಿಯಾಗೂ ನಡುವೆ ಉಳಿದ ಸಂದಿಯಲ್ಲಿ ಕಣ್ಣೀರು ತುಂಬಿಕೊಳ್ಳುತ್ತದೆ. ಎಲ್ಲ ಚಮತ್ಕಾರವೂ ಈ ಸಂದಿಯಲ್ಲಿದೆ. ಗಾಳಿಯ ವಕ್ರೀಭವನಾಂಕ 1, ಕಾರ್ನಿಯಾದ್ದು 1.376, ಕಣ್ಣೀರಿನದು 1.336. ಬೆಳಕು ಗಾಳಿಯಿಂದ ನೇರವಾಗಿ ಕಾರ್ನಿಯಾಗೆ ಇಳಿದರೆ ಎರಡರ ಅಂತರ 0.376. ಹಾಗಾಗಿ ಮೇಲ್ಮೈಯ ಒಂದೊಂದು ಕೊರೆಯೂ ಚಿತ್ರವನ್ನು ಕೆಡಿಸುತ್ತದೆ. ಕಣ್ಣೀರಿನಿಂದ ಕಾರ್ನಿಯಾಗೆ ಇಳಿದರೆ ಅಂತರ ಬರೀ 0.040. ಮೇಲ್ಮೈಯ ವಕ್ರ ಇದ್ದಲ್ಲೇ ಇರುತ್ತದೆ, ಅದರ ಕಾಟ ಮಾತ್ರ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ದೃಗ್ವಿಜ್ಞಾನದಲ್ಲಿ ಈ ನೀರಿನ ಪದರವನ್ನು ಕಣ್ಣೀರಿನ ಮಸೂರವೆಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂಗಡಿಯಿಂದ ತಂದ ಮಸೂರ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧವನ್ನು ಅವರವರ ಕಣ್ಣೀರೇ ಮಾಡುತ್ತದೆ. ಇದನ್ನು ತಿಳಿದ ದಿನದಿಂದ ಈ ಪುಟ್ಟ ವಸ್ತುವಿನ ಮೇಲಿನ ನನ್ನ ಗೌರವ ಕಡಿಮೆಯಾಗಿಲ್ಲ.

ಅದು ಹುಟ್ಟುವ ಬಗೆಯೂ ಚೆಂದ. ಸುಮಾರು 12.7 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಬಿಲ್ಲೆಯನ್ನು ಲೇತ್‌ಗೆ ಕಚ್ಚಿಸಿ, ವಜ್ರದ ಮೊನೆಯ ಟೂಲ್‌ನಿಂದ ಮೊದಲು ಒಳಮೈಯನ್ನು, ಆಮೇಲೆ ಹೊರಮೈಯನ್ನು ಕಡೆಯುತ್ತಾರೆ. ಕೊನೆಗೆ ಅಂಚನ್ನು ನಯಗೊಳಿಸುತ್ತಾರೆ. ಅತ್ತಿಬೆಲೆಯ ಕೈಗಾರಿಕಾ ಪ್ರದೇಶದಲ್ಲಿ ಬದುಕುವವರಿಗೆ ಲೇತ್ ಅಪರಿಚಿತವಲ್ಲ. ಪಾಳಿ ಮುಗಿಸಿ ಟೀ ಅಂಗಡಿ ಮುಂದೆ ನಿಂತ ಸಿಎನ್‌ಸಿ ಆಪರೇಟರ್ ಹುಡುಗರ ಬಾಯಲ್ಲಿ ಮೈಕ್ರಾನ್ ಲೆಕ್ಕ ಸಲೀಸಾಗಿ ಓಡಾಡುತ್ತದೆ. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದಾಗಿನಿಂದ ಈ ಊರು ಲೋಹ ಕಡೆಯುವುದನ್ನು ಕಲಿತವರ ಊರು. ಇನ್ನೂ ಹಿಂದೆ ಹೋದರೆ ಬೇಲೂರು, ಹಳೇಬೀಡಿನ ಕಂಬಗಳಿವೆ. ಹನ್ನೆರಡನೇ ಶತಮಾನದ ನಮ್ಮ ಕುಶಲಕರ್ಮಿಗಳು ಬಳಪದ ಕಲ್ಲನ್ನು ತಿರುಗಣಿಗೆ ಏರಿಸಿ ಕಡೆದ ಆ ಕಂಬಗಳ ಬಳೆಗಳಲ್ಲಿ ಇಂದಿಗೂ ಮುಖದ ನೆರಳು ಕಾಣುವಷ್ಟು ಹೊಳಪಿದೆ. ಕಲ್ಲು ತಿರುಗುತ್ತಿರಬೇಕು, ಉಳಿ ನಿಂತಿರಬೇಕು, ಕೈ ನಡುಗಬಾರದು: ವಿಧಾನ ಅದೇ. ಅಲ್ಲಿ ಆಳೆತ್ತರದ ಕಂಬ, ಇಲ್ಲಿ ಕಾರ್ನಿಯಾಗಿಂತಲೂ ಕಿರಿದಾದ ಲೆನ್ಸ್. ಒಳಮೈಯ ದುಂಡಿಗೆ ಬೇಸ್ ಕರ್ವ್ ಎನ್ನುತ್ತಾರೆ. ಅದರ ತ್ರಿಜ್ಯ 0.05 ಮಿಲಿಮೀಟರ್ ಬದಲಾದರೆ ಸಾಕು, ಕಣ್ಣೀರಿನ ಮಸೂರದ ಪವರ್ ಕಾಲು ಡಯಾಪ್ಟರ್‌ನಷ್ಟು ಬದಲಾಗುತ್ತದೆ.

ಈ ರೂಪಕ್ಕೆ ಬರಲು ಲೆನ್ಸ್ ಬಹಳ ದೂರ ನಡೆದಿದೆ. 1888ರಲ್ಲಿ ಜ್ಯೂರಿಕ್‌ನ ಅಡಾಲ್ಫ್ ಫಿಕ್ ಮತ್ತು ಪ್ಯಾರಿಸ್‌ನ ಯೂಜೀನ್ ಕಾಲ್ಟ್ ತಂತಮ್ಮ ಗಾಜಿನ ಚಿಪ್ಪುಗಳ ವಿಷಯ ಪ್ರಕಟಿಸಿದರು. ಕಾಲ್ಟ್ ಅದನ್ನು ಇಟ್ಟದ್ದು ಕೆರಟೋಕೋನಸ್ ಇದ್ದವರ ಕಣ್ಣಿಗೇ. ಫಿಕ್‌ನ ಚಿಪ್ಪು ಕಣ್ಣಿನ ಬಿಳಿಭಾಗವನ್ನೂ ಮುಚ್ಚುವಷ್ಟು ದೊಡ್ಡದು, ಕೆಲವೇ ಗಂಟೆ ತಡೆದುಕೊಳ್ಳಬಹುದಿತ್ತು. ಆದರೂ ಗಾಜಿಗೂ ಕಣ್ಣಿಗೂ ನಡುವೆ ದ್ರವ ತುಂಬಬೇಕೆಂಬ ತಿಳಿವು ಆಗಲೇ ಇತ್ತು. 1948ರಲ್ಲಿ ಅಮೆರಿಕದ ಕೆವಿನ್ ಟುವೊಹಿ ಕಾರ್ನಿಯಾದ ಮೇಲಷ್ಟೇ ಕೂರುವ ಪ್ಲಾಸ್ಟಿಕ್ ಲೆನ್ಸ್ ಮಾಡಿದರು. ಆ ಪ್ಲಾಸ್ಟಿಕ್‌ನಲ್ಲಿ ಗಾಳಿ ಆಡುತ್ತಿರಲಿಲ್ಲ. 1970ರ ದಶಕದಲ್ಲಿ ಅದಕ್ಕೆ ಸಿಲಿಕಾನ್ ಅಂಶ ಸೇರಿ ಆಮ್ಲಜನಕಕ್ಕೆ ದಾರಿಯಾಯಿತು.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಅದು ಇಷ್ಟು ಪಾರದರ್ಶಕವಾಗಿರುತ್ತಿರಲಿಲ್ಲ. ಎಚ್ಚರವಿರುವಾಗ ಅದು ಕಣ್ಣೀರಿನಲ್ಲಿ ಕರಗಿದ ಗಾಳಿಯಿಂದಲೇ ಉಸಿರಾಡುತ್ತದೆ. ರಕ್ತವಿಲ್ಲದ ಈ ಪಟಲವನ್ನು ಒಬ್ಬರಿಂದ ಇನ್ನೊಬ್ಬರಿಗೆ ಕಸಿ ಮಾಡುವುದು ಬೇರೆ ಅಂಗಗಳಿಗಿಂತ ಸುಲಭ. ಕನ್ನಡಿಗರಿಗೆ ಇದರ ಬೆಲೆ ಮನಸ್ಸಿಗೆ ತಟ್ಟುವಂತೆ ತಿಳಿಸಿದ್ದು ಒಂದು ಮನೆತನ. 1994ರಲ್ಲಿ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕ್ ಶುರುವಾದಾಗಲೇ ಡಾ. ರಾಜ್‌ಕುಮಾರ್ ಕಣ್ಣು ದಾನ ಮಾಡುವ ಮಾತು ಕೊಟ್ಟಿದ್ದರು, 2006ರಲ್ಲಿ ಅದು ನಡೆಯಿತು. 2021ರಲ್ಲಿ ಅವರ ಮಗ ಪುನೀತ್ ಅವರ ಕಾರ್ನಿಯಾಗಳನ್ನು ಮುಂಪದರ, ಹಿಂಪದರ ಎಂದು ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ಅರ್ಧ ಮಿಲಿಮೀಟರ್ ದಪ್ಪದ ಒಂದು ಪಟಲ ಇಬ್ಬರಿಗೆ ಬೆಳಕಾಗಬಲ್ಲದು ಎಂದರೆ ನಾವು ಹುಟ್ಟುತ್ತಲೇ ಹೊತ್ತು ತಂದಿರುವುದು ಎಂಥ ಸಿರಿ! ಅಂಥದ್ದನ್ನು ಕೊಯ್ಯದೆ, ಹೊಲಿಯದೆ, ಇದ್ದ ಹಾಗೆಯೇ ಇಟ್ಟುಕೊಂಡು ನೋಟ ತಿದ್ದುವುದು ಗಟ್ಟಿ ಲೆನ್ಸಿನ ದೊಡ್ಡತನ. ಅದು ರೋಗವನ್ನು ನಿಲ್ಲಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಮೊನಚು ಹೆಚ್ಚುತ್ತಿದ್ದರೆ ಅದನ್ನು ತಡೆಯಲು ರೈಬೊಫ್ಲೇವಿನ್ ಹನಿ ಮತ್ತು ಅತಿನೇರಳೆ ಕಿರಣದ ಬೇರೆ ಚಿಕಿತ್ಸೆ ಇದೆ. ಲೆನ್ಸಿನ ಕೆಲಸ ನೋಟ ಕೊಡುವುದು.

ಲೆನ್ಸ್ ಕೂರಿಸಿ ನೋಡುವ ಪರೀಕ್ಷೆಯಲ್ಲಿ ಒಂದು ಘಳಿಗೆ ಇದೆ. ಅದನ್ನು ಕಲಾಶಾಲೆಯ ಹುಡುಗರಿಗೆ ತೋರಿಸಬೇಕು ಅನ್ನಿಸುತ್ತದೆ. ಆಪ್ಟೋಮೆಟ್ರಿಸ್ಟ್ ಟ್ರಯಲ್ ಲೆನ್ಸ್ ಇಟ್ಟು, ಕಣ್ಣೀರು ತಹಬಂದಿಗೆ ಬರುವವರೆಗೆ ಕಾದು, ಕಾಗದದ ಪಟ್ಟಿಯಿಂದ ಕಿತ್ತಳೆ ಬಣ್ಣದ ಫ್ಲೋರೆಸೀನ್ ತಾಗಿಸುತ್ತಾರೆ. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬಾಯರ್ ತಯಾರಿಸಿದ ಬಣ್ಣ ಇದು. ಸ್ಲಿಟ್ ಲ್ಯಾಂಪಿನ ನೀಲಿ ಬೆಳಕು ಬಿದ್ದೊಡನೆ ಕಣ್ಣೀರು ಹಸಿರಾಗಿ ಉರಿಯತೊಡಗುತ್ತದೆ. ಎಲ್ಲಿ ನೀರು ಆಳವಾಗಿದೆಯೋ ಅಲ್ಲಿ ಹಸಿರು ದಟ್ಟ. ಎಲ್ಲಿ ಲೆನ್ಸ್ ಕಾರ್ನಿಯಾಗೆ ತಾಗಿದೆಯೋ ಅಲ್ಲಿ ಕಪ್ಪು. ಸರಿಯಾಗಿ ಕೂತ ಲೆನ್ಸಿನಲ್ಲಿ ಮೊನಚಿನ ತುದಿಗೆ ಒಂದು ಹಗುರ ಸ್ಪರ್ಶ, ಸುತ್ತ ಹಸಿರು ಕೊಳ, ಮತ್ತೆ ತೆಳು ಸ್ಪರ್ಶದ ಬಳೆ, ಅಂಚಿನಲ್ಲಿ ಇನ್ನೊಂದು ಹಸಿರು ಉಂಗುರ. ಅಂಚಿನ ಉಂಗುರ ತೀರಾ ಕಿರಿದಾದರೆ ಲೆನ್ಸ್ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ತೀರಾ ಅಗಲವಾದರೆ ರೆಪ್ಪೆಗೆ ಚುಚ್ಚುತ್ತದೆ. ಪರದೆಯ ಮೇಲೆ ತೋರಿಸಿದ ನನ್ನದೇ ಕಣ್ಣಿನ ಆ ಚಿತ್ರವನ್ನು ನಾನು ಬೆರಗಿನಿಂದ ನೋಡಿದೆ. ಮಸೂರ ಕಣ್ಣನ್ನು ಮುಟ್ಟುವುದಕ್ಕಿಂತ ಹೆಚ್ಚಾಗಿ ತೇಲುತ್ತಿತ್ತು. "ರೆಪ್ಪೆ ಪೂರ್ತಿ ಮುಚ್ಚಿ ತೆಗೀರಿ ಮೇಡಂ, ಅರ್ಧಂಬರ್ಧ ಬೇಡ" ಎಂದರು. ಒಂದೊಂದು ಸಲ ರೆಪ್ಪೆ ಬಡಿದಾಗಲೂ ಹಸಿರು ಕೊಳ ಕದಡಿ, ಲೆನ್ಸ್ ಒಂದೆರಡು ಮಿಲಿಮೀಟರ್ ಮೇಲೇರಿ ಮೆಲ್ಲಗೆ ಇಳಿಯಿತು. ಆ ಏರಿಳಿತದಲ್ಲೇ ಹಳೆಯ ಕಣ್ಣೀರು ಹೊರಗೆ ಹೋಗಿ ಹೊಸತು ಒಳಗೆ ಬರುತ್ತದೆ.

ಇನ್ನು ಒಗ್ಗುವ ದಿನಗಳು. ಆರಂಭದಲ್ಲಿ ಕಣ್ಣಲ್ಲಿ ರೆಪ್ಪೆಕೂದಲು ಸಿಕ್ಕಿಕೊಂಡ ಅನುಭವ. ನೀರು ಸುರಿಯುತ್ತದೆ, ಬೆಳಕು ಚುಚ್ಚುತ್ತದೆ, ಮೂಗು ಕೂಡ ಸೋರುತ್ತದೆ. ನಾವು ಭಾವಿಸುವಂತೆ ಈ ಕಿರಿಕಿರಿಯೆಲ್ಲ ಕಣ್ಣಗುಡ್ಡೆಯದಲ್ಲ, ಬಹುಪಾಲು ಮೇಲುರೆಪ್ಪೆಯ ಅಂಚಿನದು. ಬಡಿದಾಗಲೆಲ್ಲ ಅದು ಲೆನ್ಸಿನ ಅಂಚನ್ನು ಸವರಿಕೊಂಡು ಹೋಗುತ್ತದೆ. ಅದಕ್ಕೇ ಮೊದಲ ನಿಮಿಷಗಳಲ್ಲಿ ದೃಷ್ಟಿಯನ್ನು ಕೆಳಗಿಳಿಸಿ ಕೂತರೆ ಹಾಯೆನಿಸುತ್ತದೆ. ಹೊಸದಾಗಿ ಮೂಗು ಚುಚ್ಚಿಸಿಕೊಂಡ ಹುಡುಗಿಗೆ ಕೆಲ ದಿನ ಮುಖವೆಲ್ಲ ಮೂಗುಬೊಟ್ಟೇ ಆಗಿ, ಕ್ರಮೇಣ ಅದು ಇರುವುದೇ ಮರೆತುಹೋಗುವ ಹಾಗೆ ರೆಪ್ಪೆಯೂ ಕಲಿಯುತ್ತದೆ. ಮೊದಲ ದಿನ ಎರಡು ಮೂರು ಗಂಟೆ, ಆಮೇಲೆ ದಿನಕ್ಕೆ ಒಂದೆರಡು ಗಂಟೆ ಏರಿಸುತ್ತ ಹೋಗಿ, ಎರಡರಿಂದ ನಾಲ್ಕು ವಾರದೊಳಗೆ ಬಹುತೇಕರ ಕಣ್ಣು ಒಪ್ಪಿಕೊಳ್ಳುತ್ತದೆ. ಎರಡು ದಿನ ಹಾಕಿ ಮೂರು ದಿನ ಬಿಟ್ಟರೆ ರೆಪ್ಪೆ ಕಲಿತದ್ದನ್ನು ಮರೆಯುತ್ತದೆ. ಸಂಗೀತ ಕಲಿಸುವವರು ಸಾಧನೆಯನ್ನು ಒಂದು ದಿನವೂ ಬಿಡಬೇಡ ಎನ್ನುವುದು ಇಲ್ಲಿಯೂ ಸತ್ಯ.

ಆ ದಿನಗಳಲ್ಲಿ ನನಗೆ ಹೆಚ್ಚು ಸುಖ ಕೊಟ್ಟದ್ದು ಕನ್ನಡದ ಅಕ್ಷರ. ನಮ್ಮ ಲಿಪಿಯ ಸೂಕ್ಷ್ಮವೆಲ್ಲ ಚಿಕ್ಕ ಗುರುತುಗಳಲ್ಲಿದೆ. ದಕಾರದಿಂದ ಧಕಾರವನ್ನು, ಪಕಾರದಿಂದ ಫಕಾರವನ್ನು, ಬಕಾರದಿಂದ ಭಕಾರವನ್ನು ಬೇರ್ಪಡಿಸುವುದು ಅಡಿಯಲ್ಲಿರುವ ಒಂದು ಸೀಳು. ಧಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆ ಕೂತರೆ ಥಕಾರ, ರಕಾರದ ನಡುವೆ ಕೂತರೆ ಠಕಾರ. ನನ್ನ ಕಣ್ಣಿನಲ್ಲಿ ಪ್ರತಿ ಗೆರೆಯ ನೆರಳೂ ಕೆಳಕ್ಕೆ ಸುರಿಯುತ್ತಿದ್ದುದರಿಂದ ಮೊದಲ ಪೆಟ್ಟು ಬೀಳುತ್ತಿದ್ದುದು ಒತ್ತಕ್ಷರಗಳಿಗೆ. ಮೇಲಿನ ಅಕ್ಷರದ ನೆರಳಿನಲ್ಲಿ ಅವು ಮುಳುಗಿಹೋಗುತ್ತಿದ್ದವು. ಅರ್ಥವನ್ನು ಊಹೆಯಿಂದ ತುಂಬಿಕೊಂಡು ಓದುವುದೇ ಅಭ್ಯಾಸವಾಗಿತ್ತು. ಲೆನ್ಸ್ ನಿಂತ ಮೇಲೆ ಅತ್ತಿಬೆಲೆ ಬಸ್ ನಿಲ್ದಾಣದ ಹತ್ತಿರದ ಅಂಗಡಿ ಫಲಕಗಳನ್ನು ಒಂದೊಂದಾಗಿ ಓದುತ್ತ ನಿಂತೆ. ಬಣ್ಣ ಬಳಿದು ಬರೆದ ಹಳೆಯ ಫಲಕವೊಂದರಲ್ಲಿ ತಲೆಕಟ್ಟಿನ ತುದಿಯನ್ನು ಬರೆದವನ ಕುಂಚ ಹೇಗೆ ಎತ್ತಿಕೊಂಡಿತೆಂಬುದೂ ಕಾಣುತ್ತಿತ್ತು. 'ಕ್ಷ'ದ ಒಳತಿರುವು ಕಂಡಿತು, ಅರ್ಕಾವೊತ್ತು ತನ್ನ ಜಾಗದಲ್ಲಿ ಕೂತಿತ್ತು. ನೇತ್ರವೈದ್ಯರ ಫಲಕದ ಲೆಕ್ಕ 1862ರಲ್ಲಿ ಹಾಲೆಂಡಿನ ಹರ್ಮನ್ ಸ್ನೆಲೆನ್ ಹಾಕಿಕೊಟ್ಟದ್ದು: 6 ಮೀಟರ್ ದೂರದಿಂದ ಸುಮಾರು 1.75 ಮಿಲಿಮೀಟರ್ ದಪ್ಪದ ಗೆರೆಯನ್ನು ಬಿಡಿಸಿ ನೋಡಬಲ್ಲ ಕಣ್ಣಿಗೆ 6/6. ಆ ಅಳತೆಯ ಅರ್ಥ ನನಗೆ ತಿಳಿದದ್ದು ಆ ಫಲಕಗಳ ಮುಂದೆ.

ಅತ್ತಿಬೆಲೆ ತಮಿಳುನಾಡಿನ ಗಡಿಯ ಊರಾದ್ದರಿಂದ ಇಲ್ಲಿ ಓದಲು ಬೇರೆ ಲಿಪಿಗಳೂ ಇವೆ. ಹೊಸೂರಿನ ಕಡೆಯಿಂದ ಬರುವ ಬಸ್ಸುಗಳ ಮೇಲೆ ತಮಿಳಿನ ನೇರ ಗೆರೆ, ಚೂಪು ಮೂಲೆ. ಸರಕು ಹೊತ್ತು ಬರುವ ಲಾರಿಗಳ ಹಿಂಬದಿಯಲ್ಲಿ ಒಮ್ಮೊಮ್ಮೆ ತೆಲುಗಿನ ದುಂಡು. ಒಂದೇ ನೋಟದಲ್ಲಿ ಮೂರು ಲಿಪಿಗಳ ಮೈಕಟ್ಟನ್ನು ಹೋಲಿಸಿ ನೋಡುವ ಭಾಗ್ಯ ಎಲ್ಲ ಊರಿಗೂ ಇರುವುದಿಲ್ಲ. ಸಂಜೆ ಟೋಲ್ ಬಳಿ ಸಾಲುಗಟ್ಟಿದ ಕಂಟೇನರ್ ಲಾರಿಗಳ ಹಿಂದೀಪಗಳು ಈಗ ಎಣಿಸಬಹುದಾದ ಕೆಂಪು ಬಿಂದುಗಳು. ಎಲ್‌ಇಡಿ ದೀಪದೊಳಗಿನ ಒಂದೊಂದು ಕಾಳೂ ಬೇರೆ ಬೇರೆಯಾಗಿ ಕಾಣುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೆ ಬಂದ ಮೇಲೆ, ಎತ್ತರದ ಆ ಹಳಿಯ ಮೇಲಿಂದ ಕಾರ್ಖಾನೆಗಳ ತಗಡಿನ ಮಾಡು, ಮಾಡಿನ ಬೋಲ್ಟುಗಳ ಸಾಲು, ನಡುನಡುವೆ ಉಳಿದ ತೆಂಗಿನ ಗರಿಯ ಸೀಳುಗಳು ಒಂದೊಂದಾಗಿ ಹಾದುಹೋಗುತ್ತವೆ. ಸರ್ಜಾಪುರದ ಹಾದಿ ಹಿಡಿದು ಬಿದರಗುಪ್ಪೆಯ ಕಡೆಗೆ ಹೋದರೆ ಮಳೆಗಾಲದ ಕೊನೆಗೆ ರಾಗಿ ತೆನೆ. ಬೆರಳು ಮಡಚಿದ ಆ ತೆನೆಯಲ್ಲಿ ಕಾಳು ಕಾಳೂ ಕಾಣುತ್ತದೆ. ಆನೇಕಲ್‌ನಿಂದ 5 ಕಿಲೋಮೀಟರ್ ದೂರದ ಮುತ್ಯಾಲಮಡುವಿನಲ್ಲಿ ಬಂಡೆಯಿಂದ ಇಳಿಯುವ ನೀರು ಎಳೆಯಾಗಿ ಹೊರಟು ಅರ್ಧ ದಾರಿಯಲ್ಲಿ ಹನಿಗಳಾಗಿ ಒಡೆಯುತ್ತದೆ. ಎಳೆ ಮುಗಿದು ಹನಿ ಶುರುವಾಗುವ ಜಾಗವನ್ನು ನಾನು ಅಲ್ಲಿ ಕಣ್ಣಾರೆ ನೋಡಿದೆ. ಸಂಕಷ್ಟಿಗೆ ಈಗ ಒಬ್ಬನೇ ಚಂದ್ರ. ಕ್ಷಯಿಸತೊಡಗಿದ ಅವನ ಅಂಚಿನ ಓರೆಯೂ ಸ್ಪಷ್ಟ.

ಇಷ್ಟು ಕೊಡುವ ವಸ್ತು ತನ್ನ ಪಾಲಿನ ಮರ್ಯಾದೆಯನ್ನೂ ಕೇಳುತ್ತದೆ. ಅತ್ತಿಬೆಲೆಯ ಸುತ್ತ ಹೆದ್ದಾರಿಯ ದೂಳು, ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುವ ಪುಡಿ. ಅದರ ಒಂದು ಕಣ ಲೆನ್ಸಿನಡಿ ಹೊಕ್ಕರೆ ಪ್ರಾಣ ಹೋದಂತಾಗುತ್ತದೆ, ಏಕೆಂದರೆ ದೇಹದಲ್ಲಿ ನರಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಕಾರ್ನಿಯಾ ಒಂದು. ಉಜ್ಜಬಾರದು. ತೆಗೆದು, ಸಲೈನಿನಲ್ಲಿ ತೊಳೆದು, ಮತ್ತೆ ಹಾಕಿಕೊಳ್ಳಬೇಕು. ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ಟಿನ ಗಾಜು ಇಳಿಸಿರಬೇಕು. ಆಫೀಸಿನ ಎ.ಸಿ. ಗಾಳಿಯಲ್ಲಿ, ಕಂಪ್ಯೂಟರ್ ಮುಂದೆ ರೆಪ್ಪೆ ಬಡಿಯುವುದೇ ಕಡಿಮೆಯಾಗಿ ಕಣ್ಣೀರಿನ ಪದರ ಒಣಗುತ್ತದೆ. ಆಗಾಗ ಪರದೆಯಿಂದ ದೃಷ್ಟಿ ತೆಗೆದು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಬೇಕು. ಲೆನ್ಸಿಗೆ ನಲ್ಲಿ ನೀರು ಸೋಕಬಾರದು. ಆ ನೀರಿನಲ್ಲಿರಬಹುದಾದ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಕಾರ್ನಿಯಾವನ್ನೇ ತಿನ್ನುತ್ತದೆ. ರಾತ್ರಿ ತೆಗೆದಿಡಬೇಕು. ನೋವು, ಕೆಂಪು ಉಳಿದರೆ ಹಾಕದೆ ವೈದ್ಯರಿಗೆ ತೋರಿಸಬೇಕು.

ಈ ನಿಯಮಗಳು ನನಗೆ ಹೊರೆ ಅನ್ನಿಸಿಲ್ಲ. ಬೆಳಗ್ಗೆ ಕೈ ತೊಳೆದು ಒರೆಸಿ, ವಾಶ್‌ಬೇಸಿನ್ನಿನ ತೂತು ಮುಚ್ಚಿ, ಕನ್ನಡಿಯ ಮುಂದೆ ಮಡಿಬಟ್ಟೆ ಹಾಸಿ, ತೋರುಬೆರಳ ತುದಿಯಲ್ಲಿ ಬಟ್ಟಲಂತೆ ಅದನ್ನು ನಿಲ್ಲಿಸಿಕೊಳ್ಳುವಾಗ ಮನಸ್ಸು ತಾನಾಗಿ ಒಂದೆಡೆ ನಿಲ್ಲುತ್ತದೆ. ಬೆರಳು ಹತ್ತಿರ ಬರುತ್ತಿದ್ದಂತೆ ಕಣ್ಣು ಅಳುಕುತ್ತದೆ. ಅದನ್ನು ಅಳುಕದಂತೆ ಒಲಿಸಿಕೊಳ್ಳುವುದು ಬಲದಿಂದ ಆಗುವ ಕೆಲಸವಲ್ಲ, ನೇರವಾಗಿ ಎದುರು ನೋಡುತ್ತ ನಿಂತರೆ ಆಗುತ್ತದೆ. ಅಂಗೈಯಲ್ಲಿ ಎರಡು ಹನಿ ಸೊಲ್ಯೂಷನ್ ಹಾಕಿ ಕಿರುಬೆರಳಿನಿಂದ ಅದರ ಒಳಮೈ ಸವರುವಾಗ, ಎಂದೂ ಕಾಣಲಾಗದ ಒಂದು ದುಂಡನ್ನು ಬೆರಳು ಓದುತ್ತದೆ. ಅದು ನನ್ನ ಕಣ್ಣಿಗೆಂದೇ ಕಡೆದ ದುಂಡು. ಬೇರೆ ಯಾರ ಕಣ್ಣಿಗೂ ಅದು ಹೀಗೆ ಕೂರಲಾರದು.

ಕೆರಟೋಕೋನಸ್ ಎಂದು ಕೇಳಿ ಕಂಗೆಟ್ಟವರು, ಮೊದಲ ವಾರದ ಕಿರಿಕಿರಿಗೆ ಬೇಸತ್ತು ಡಬ್ಬಿ ಮುಚ್ಚಿಟ್ಟವರು ನಮ್ಮ ಸುತ್ತ ಇರುತ್ತಾರೆ. ಹಗಲು ಲೇತ್ ಮುಂದೆ, ರಾತ್ರಿ ಪಾಳಿಯಲ್ಲಿ ಕಂಪ್ಯೂಟರ್ ಮುಂದೆ ಕಣ್ಣಿನಿಂದಲೇ ಅನ್ನ ದುಡಿಯುವವರ ಊರು ಇದು. ಅವರಿಗೆ ನಾನು ಹೇಳುವುದಿಷ್ಟು. ಒಗ್ಗುವ ಗಂಟೆಗಳನ್ನು ಗಡಿಯಾರ ನೋಡಿ ಕಳೆಯಬೇಡಿ, ಆ ಗಂಟೆಗಳಿಗೆ ನೋಡುವ ಕೆಲಸ ಕೊಡಿ. ದಿನಕ್ಕೊಂದು ಒಳ್ಳೆಯ ವಸ್ತುವನ್ನು ಆರಿಸಿಕೊಳ್ಳಿ: ಚೆನ್ನಾಗಿ ಅಚ್ಚಾದ ಒಂದು ಕನ್ನಡ ಪುಟ, ಬೇವಿನ ಎಲೆಯ ಗರಗಸದ ಅಂಚು, ಅಜ್ಜಿಯ ಸೀರೆಯ ಸೆರಗಿನ ಎಳೆ, ಬಾಗಿಲ ಮುಂದಿನ ರಂಗೋಲಿಯಲ್ಲಿ ಬೆರಳಿನಿಂದ ಜಾರಿದ ಪುಡಿಯ ಕಣ. ಅದನ್ನು ಆತುರವಿಲ್ಲದೆ, ರೆಪ್ಪೆಯನ್ನು ಪೂರ್ತಿ ಬಡಿಯುತ್ತ ನೋಡಿ. ಹೀಗೆ ಮಾಡಿದರೆ ಲೆನ್ಸ್ ಬೇಗ ಒಗ್ಗುತ್ತದೆ ಎಂದು ನಾನು ಮಾತು ಕೊಡಲಾರೆ. ಒಗ್ಗಲು ತೆಗೆದುಕೊಂಡ ಒಂದು ದಿನವೂ ವ್ಯರ್ಥವಾಗುವುದಿಲ್ಲ ಎಂದು ಖಂಡಿತ ಹೇಳಬಲ್ಲೆ.